ಜಾತಕದ ಬದಲು ಹೊಳೆ

ಗಾಳದ ದಾರ ಬಿಗಿಯಾಯಿತು. ಈಗ ಹುಡುಗನ ನಿಜ ಬಣ್ಣ ಬಯಲಾಗುತ್ತದೆ ಎಂದುಕೊಂಡು ಸತ್ಯನಾರಾಯಣ ದಂಡೆಯ ಮೇಲೆ ನಿಂತರು.

ಐರ್ಲೆಂಡಿನ ಲಿಮೆರಿಕ್ ಊರಾಚೆಯ ಹೊಳೆ. ಸೆಪ್ಟೆಂಬರ್ ಕೊನೆ, ನಾಳೆಯಿಂದ ಕಾನೂನಿನ ಪ್ರಕಾರ ಟ್ರೌಟ್ ಮೀನು ಹಿಡಿಯುವಂತಿಲ್ಲ. ಹಳದಿ ಎಲೆಗಳು ತೇಲಿಬಂದು ದಾರಕ್ಕೆ ಸಿಕ್ಕಿಕೊಳ್ಳುತ್ತಿದ್ದವು. ಗರಿ ಸುತ್ತಿದ ಹುಸಿನೊಣವನ್ನು ನೀರಿಗಿಳಿಸಿ ಮೀನನ್ನು ಮರುಳು ಮಾಡುವ ಆಟ. ಮೊಟ್ಟೆಯನ್ನೂ ಮುಟ್ಟದ ಸತ್ಯನಾರಾಯಣರಿಗೆ ಐರ್ಲೆಂಡ್ ಹಿಡಿಸಿದ ಒಂದೇ ಚಟ ಇದು. ಹಿಡಿಯುವುದು, ಬಿಡುವುದು. "ತಿನ್ನಲ್ಲ ಅಂದ್ಮೇಲೆ ಆ ಮೀನನ್ನ ಯಾಕೆ ಗೋಳು ಹುಯ್ಕೋತೀರಿ?" ಎಂದು ಹೆಂಡತಿ ಜಯಶೀಲಾ ಬೈದದ್ದಕ್ಕೆ ಲೆಕ್ಕವಿಲ್ಲ.

ಹಿರಿಯ ಮಗಳನ್ನು ಜಾತಕ ನೋಡಿ ಕೊಟ್ಟಿದ್ದರು. ಸಾಲಾವಳಿ ಭೇಷಾಗಿ ಕೂಡಿತ್ತು. ಅಳಿಯ ಅವಳ ಕೈ ಮುರಿದು ತವರಿಗೆ ಅಟ್ಟಿದ. ಅಂದಿನಿಂದ ಜಾತಕ ಎಂದರೆ ಸತ್ಯನಾರಾಯಣರಿಗೆ ಮೈ ಉರಿಯುತ್ತದೆ. ಕಿರಿಯವಳು ಅರ್ಪಿತಾ ಮೆಚ್ಚಿದ ಚಿರಾಗ್‌ಗೂ ಈ ಹೊಳೆಯ ಹುಚ್ಚು ಇದೆ ಎಂದು ಕೇಳಿದ್ದೇ ತಡ, ಅವನನ್ನು ಸೀದಾ ಇಲ್ಲಿಗೇ ಕರೆತಂದರು. ಮೀನಿಗೆ ನೋವು ಮಾಡದವನು ಹೆಂಡತಿಯ ಮೇಲೆ ಕೈ ಮಾಡಲಾರ. ಅವರ ಶಾಸ್ತ್ರ ಇಷ್ಟೇ.

ಅರ್ಪಿತಾ ಪಕ್ಕದಲ್ಲೇ ನಿಂತಿದ್ದಳು. ಮೊದಲೆಲ್ಲ ಎಂಥ ಬಾಯಿ ಅವಳದು! ಅಪ್ಪ ಒಂದು ಅಂದರೆ ಐರಿಷ್ ಧಾಟಿಯ ಇಂಗ್ಲಿಷಿನಲ್ಲಿ ಹತ್ತು ಅನ್ನುತ್ತಿದ್ದಳು. ಚಿರಾಗ್ ಪರಿಚಯವಾದ ಮೇಲೆ ಮೆಲ್ಲಗೆ ಕನ್ನಡ, ಅದೂ ಕೇಳಿದರೆ ಮಾತ್ರ. ಅಂತೂ ಹುಡುಗಿಗೆ ಗಾಂಭೀರ್ಯ ಬಂತು ಎಂದು ಸತ್ಯನಾರಾಯಣ ಒಳಗೊಳಗೇ ಹಿಗ್ಗಿದ್ದರು.

"ಚಳಿ ಆಗ್ತಿದೆಯೇನಮ್ಮಾ? ಕಾರಲ್ಲಿ ಕೂತ್ಕೋ."

ಅವಳು ಚಿರಾಗ್ ಕಡೆ ನೋಡಿದಳು. "ಬೇಡಪ್ಪ, ಚಳಿಯೇನಿಲ್ಲ. ಗ್ರ್ಯಾಂಡ್ ಆಗಿದೀನಿ."

ಚಿರಾಗ್ ಎಳೆದಾಡಲಿಲ್ಲ. ಮೀನು ಓಡಿದಷ್ಟೂ ದಾರ ಬಿಟ್ಟ. ನಿಂತಾಗ ಮೆತ್ತಗೆ ಸುತ್ತಿಕೊಂಡ. ಒಣಗೈ ತಾಗಿ ಮೈ ತರಚದಿರಲೆಂದು ಕೈ ಒದ್ದೆ ಮಾಡಿಕೊಂಡೇ ಅದನ್ನು ಮುಟ್ಟಿದ. ಗಾಳ ಬಿಡಿಸಿ, ಹರಿವಿಗೆ ಎದುರಾಗಿ ಹಿಡಿದು, ಅದಕ್ಕೆ ದಮ್ಮು ಬರುವವರೆಗೂ ಕಾದು ಬಿಟ್ಟುಕೊಟ್ಟ. ಒಂದು ಹುರುಪೆಯೂ ಉದುರಲಿಲ್ಲ.

ಸತ್ಯನಾರಾಯಣರ ಕಣ್ಣು ತುಂಬಿ ಬಂತು. ಅಲ್ಲಿಂದಲೇ ಜಯಶೀಲಾಗೆ ಫೋನ್ ಮಾಡಿದರು. "ಪಾಯಸಕ್ಕಿಡು. ಚಿನ್ನದಂಥ ಹುಡುಗ. ನಾನು ಒಪ್ಪಿದೆ." ಆ ಕಡೆ ಹಿರಿಯ ಮಗಳು ಖುಷಿಯಿಂದ ಕೂಗಿದ್ದೂ ಕೇಳಿಸಿತು.

ಅವರು ಚಿರಾಗ್‌ನ ಬೆನ್ನು ತಟ್ಟಿದರು. "ಸೀಸನ್ ಕೊನೇ ಮೀನು ಜಗಮೊಂಡು ಕಣಯ್ಯಾ. ನಿನ್ನ ಕೈಯಲ್ಲಿ ಮಿಸುಕಲೂ ಇಲ್ಲವಲ್ಲ!"

"ಹಳೇ ಪರಿಚಯ, ಮಾವ," ಚಿರಾಗ್ ನಕ್ಕ. "ಬೇಸಿಗೆಯಿಂದ ಇದನ್ನೇ ಹಿಡಿದು ಹಿಡಿದು ಬಿಡ್ತಿದೀನಿ. ಮೊದಮೊದಲು ಏನು ಹಾರಾಟ ಅಂತೀರಿ! ಹೊಡೆಯೋದು ಬಡಿಯೋದು ಏನೂ ಬೇಡ. ಬಿಟ್ಟ ಹಾಗೆ ಮಾಡಿ ಮತ್ತೆ ಎಳ್ಕೋತಾ ಇದ್ರೆ ಸಾಕು, ತಾನೇ ಸುಮ್ಮನಾಗುತ್ತೆ. ಅಲ್ವಾ, ಅರ್ಪಿತಾ?"

ಅವನ ಮಾತು ಮುಗಿಯುವ ಮೊದಲೇ ಅರ್ಪಿತಾ "ಹೌದು" ಎಂದಳು.