ಬೆಳಕು ಸೋರದ ಕೋಣೆ

"ಇಷ್ಟು ಜಾಗ ಸಾಕಾಗುತ್ತಾ?" ಅಕ್ಕ ಬಾಡಿಗೆ ಗೋದಾಮಿನ ಖಾಲಿ ಗೋಡೆಗಳನ್ನು ನೋಡುತ್ತಾ ಕೇಳಿದಳು. ಅಕ್ಕ, ತಮ್ಮ ಇಬ್ಬರೂ ದಣಿದಿದ್ದರು. ಹೊಸ ಮನೆಯಲ್ಲಿ ಕಾಲು ಚಾಚಲೂ ಜಾಗವಿರಲಿಲ್ಲ. ಇಲ್ಲಿಟ್ಟು ಹೋಗಲೆಂದು ತಂದ, ತೀರಿಕೊಂಡ ಅಪ್ಪನ ಹಾರ್ಮೋನಿಯಂ ಅವರ ನಡುವೆ ನೆಲದ ಮೇಲಿತ್ತು.

"ಜಾಗ ಆಮೇಲೆ ನೋಡಿ ತಾಯಿ, ಮೊದಲು ಕತ್ತಲು ನೋಡಿ. ಬೆಳಕು ಬರೋ ಕಡೆಯಿಂದಲೇ ನೀರೂ ಬರೋದು," ಎಂದ ಕಾವಲುಗಾರ, ಬಂದವರಿಗೆಲ್ಲ ಮಾಡುವಂತೆ ಅವರನ್ನು ಒಳಗೇ ಬಿಟ್ಟು ಷಟರ್ ಎಳೆದ.

ಬೆಳಕಿನ ಎಳೆಯೂ ಒಳಗೆ ಬರಲಿಲ್ಲ. ಅಕ್ಕ ಕೂರಲೆಂದು ಕೈಯೂರಿದಾಗ ಹಾರ್ಮೋನಿಯಂ ತಿದಿ ಮೆಲ್ಲಗೆ ಉಸಿರು ಬಿಟ್ಟಿತು. ಅಪ್ಪ ಹಾಡಲು ಕೂತಾಗ ಮೊದಲು ಕೇಳಿಸುತ್ತಿದ್ದದ್ದು ಅದೇ ಉಸಿರು.

ಷಟರ್ ಮೇಲೇರಿತು. "ಒಂದು ಹನಿಯೂ ಸೋರಲ್ಲ ಕಣೇ, ನಿನ್ನನ್ನೂ ಇಲ್ಲೇ ಇಟ್ಟು ಹೋಗಬಹುದು," ತಮ್ಮ ನಕ್ಕ. "ಮೂಲೆಗೆ ಸರಿಸೋಣ, ಆ ಕಡೆ ಹಿಡ್ಕೋ."

"ಹಿಡಿಯಲ್ಲ. ಇದು ನನ್ನ ಮಂಚದ ಮೇಲೆ ಮಲಗಲಿ, ನಾನು ಕೆಳಗೆ ಮಲಗ್ತೀನಿ."