ಫ್ರಿಜ್ಜಿನ ಬಾಗಿಲಿನ ಒಂದನೇ ರೂಲು

"ಲೀಡರನ ಕೆಲಸ ರೂಲು ನಡೆಸುವುದು ಮಾರಾಯ, ಬೇಕಾದ್ದನ್ನು ಮಾತ್ರ ಹೆಕ್ಕುವುದಲ್ಲ!" ಅಬ್ದುಲ್ ಸಮದ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಗದರಿದ.

ಅರಬ್ ನಾಡಿನ ಬತ್ಹಾ ಪೇಟೆಯ ಆ ರೂಮಿನಲ್ಲಿ ದುಡಿಯಲು ಬಂದ ಆರು ಮಂದಿ. ಈ ತಿಂಗಳ ಲೀಡರ್ ಆಂಟನಿ. ಸೌಟೂ ಅವನದೇ, ಸಂಕಟವೂ ಅವನದೇ. ಹಿಂದಿನ ದಿನ ಹೇಳದೆ ಬಂದ ನೆಂಟನಿಗೆ ಊಟವಿಲ್ಲ ಎಂದು ಕಳೆದ ಶುಕ್ರವಾರವಷ್ಟೇ ಎಲ್ಲರೂ ಕೂತು ರೂಲು ಮಾಡಿದ್ದರು. ಇವತ್ತು ನೋಡಿದರೆ, ಜುಮಾ ನಮಾಜು ಮುಗಿಯುವ ಹೊತ್ತಿಗೆ ಸರಿಯಾಗಿ ಆಂಟನಿಯ ಊರಿನ ರಂಜಿತ್ ಅಲ್ ಖರ್ಜ್‌ನಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟಿದ್ದ. ಮಾತು ಕಿವಿಗೆ ಬಿದ್ದದ್ದೇ ಮತ್ತೆ ಚಪ್ಪಲಿಗೆ ಕಾಲು ತೂರಿಸುತ್ತಿದ್ದ.

"ಆ ರೂಲನ್ನು ನಾನು ನಡೆಸುವುದಿಲ್ಲ ಸಮದಾಕ," ಎಂದು ಆಂಟನಿ ಸೌಟಿನಿಂದಲೇ ಫ್ರಿಜ್ಜಿನ ಬಾಗಿಲು ತೋರಿಸಿದ. ಈ ರೂಮಿನಲ್ಲಿದ್ದು ಊರಿಗೆ ಮರಳಿದ ಹಿರಿಯ ಕೋಯಾಕ ಎಂದೋ ಬರೆದು ಅಂಟಿಸಿದ್ದ ಹಾಳೆ: 'ಒಂದು. ಇಲ್ಲಿಗೆ ಬಂದವ ಹಸಿದು ಹೋಗಬಾರದು. ಇದನ್ನು ಮುರಿಯುವ ರೂಲು ರೂಲೇ ಅಲ್ಲ.' "ಲೀಡರ್ ಆಗುವಾಗ ನಾನು ಕೈಯಿಟ್ಟು ಮಾತು ಕೊಟ್ಟದ್ದು ಇದಕ್ಕೆ."

"ಹೊಸ ರೂಲಿಗೂ ನೀನೇ ಕೈ ಎತ್ತಿದ್ದಲ್ವಾ?"

"ಎತ್ತಿದ್ದು ತಪ್ಪು. ಆವತ್ತು ನನ್ನ ಹೊಟ್ಟೆ ತುಂಬಿತ್ತು."

"ಇವತ್ತು ನೀನು ಹೊಸ ರೂಲನ್ನು ಬಿಟ್ಟೆ. ಬರುವ ತಿಂಗಳು ರಾಝಿಕ್ ಲೀಡರ್. ಕಕ್ಕಸು ತೊಳೆಯುವ ಪಾಳಿಯೂ ಕೋಯಾಕನ ರೂಲಿಗೆ ವಿರುದ್ಧ ಅಂತಾನೆ ಅವ. ಆಗ ಎಂತ ಮಾಡುವುದು?"

"ಒಳ್ಳೇ ಐಡಿಯಾ ಸಮದಾಕ!" ಒಳಗಿನಿಂದ ರಾಝಿಕ್ ಕೂಗಿದ. ಎಲ್ಲರೂ ನಕ್ಕರು.

ಆಂಟನಿಗೆ ಪೂರ್ತಿ ನಗಲಾಗಲಿಲ್ಲ. ಸಮದನ ಮಾತಿನಲ್ಲೂ ನ್ಯಾಯವಿತ್ತು. ಹೋದ ತಿಂಗಳು ಹೇಳದೆ ಬಂದ ನಾಲ್ವರು ಉಂಡೆದ್ದ ಮೇಲೆ, ಡ್ಯೂಟಿ ಮುಗಿಸಿ ಬಂದ ಸಮದನಿಗೆ ಉಳಿದದ್ದು ಕೋಳಿಯಿಲ್ಲದ ಬರೀ ಮಸಾಲೆ.

"ಹಾಗಾದರೆ ನನ್ನನ್ನೇ ಇಳಿಸಿ. ವೋಟು ಹಾಕುವ," ಎಂದ ಆಂಟನಿ. "ಆದರೆ ನೈಚೋರು ಆರುತ್ತದೆ. ಊಟದ ಜೊತೆಗೇ ಆಗಲಿ, ಯಲ್ಲಾ, ಬನ್ನಿ!" ರಂಜಿತನ ಕೈ ಹಿಡಿದೆಳೆದು ತನಗೂ ಸಮದನಿಗೂ ನಡುವೆ ಕೂರಿಸಿಕೊಂಡ.

ದೊಡ್ಡ ಹರಿವಾಣದ ಸುತ್ತ ಏಳು ಮಂದಿ. ಬಲಗೈಗಳೆಲ್ಲ ನೈಚೋರಿನ ತುಪ್ಪದನ್ನಕ್ಕೆ ಇಳಿದವು. ರಂಜಿತನದು ಮಾತ್ರ ಮಡಿಲಲ್ಲೇ ಇತ್ತು.

"ಆಂಟನಿ ಇಳಿಯಬೇಕು ಅನ್ನುವವರು ಕೈ ಎತ್ತಿ," ಎಂದ ರಾಝಿಕ್. "ಎಡಗೈ ಲೆಕ್ಕಕ್ಕಿಲ್ಲ."

ಯಾವ ಕೈಯೂ ಅನ್ನ ಬಿಟ್ಟು ಮೇಲೇಳಲಿಲ್ಲ. ಆಮೇಲೆ, ನಿಧಾನಕ್ಕೆ, ಸಮದನ ಕೈ ಎದ್ದಿತು. ಎಲ್ಲರೂ ಅಗಿಯುವುದನ್ನು ನಿಲ್ಲಿಸಿದರು. ಆ ಕೈಯಲ್ಲಿ ಕೋಳಿಯ ಕಾಲೊಂದಿತ್ತು. ಅದು ರಂಜಿತನ ಮುಂದಿನ ಅನ್ನದ ಮೇಲೆ ಇಳಿಯಿತು.