ಹಾಲು ಬಿಡಿಸುವ ಗಂಟು

ಕೋಮಲಾ ತುಂಬಿಟ್ಟಿದ್ದ ಎರಡು ಸೂಟ್‌ಕೇಸುಗಳನ್ನು ಅತ್ತೆ ದಾಕ್ಷಾಯಿಣಿ ಹಾಸಿಗೆಯ ಮೇಲೆ ಬೋರಲು ಹಾಕಿ, ಬೇಕಾದದ್ದು, ಬೇಡವಾದದ್ದು ಎಂದು ಎರಡು ಗುಡ್ಡೆ ಮಾಡತೊಡಗಿದರು. ಬೇಡದ ಗುಡ್ಡೆ ನೋಡನೋಡುತ್ತ ಬೆಳೆಯಿತು. ಟಿ. ನಗರದಲ್ಲಿ ಅಂಗಡಿ ಅಂಗಡಿ ಸುತ್ತಿ ತಂದ ಟೋಪಿ, ಬೂಟು, ಬಾಟಲಿ ಬಿಸಿ ಮಾಡುವ ಯಂತ್ರ, ಒಂದು ಪ್ಲಾಸ್ಟಿಕ್ ಬಾತುಕೋಳಿ, ಎಲ್ಲವೂ ಅಲ್ಲಿಗೇ ಹೋದವು. ಹನ್ನೊಂದು ತಿಂಗಳ ಧನುಷ್ ಮಾತ್ರ ಎರಡೂ ಗುಡ್ಡೆಗಳ ನಡುವೆ ಕೂತು ಕೈಗೆ ಸಿಕ್ಕಿದ್ದನ್ನು ಬಾಯಿಗಿಡುತ್ತಿದ್ದ.

“ಕೂಸು ಹೊಂಟಿದ್ದು ಹುಬ್ಬಳ್ಳಿಗೆ. ಲಗ್ನ ಮಾಡಿ ಕಳಸಾಕತ್ತಿಯೇನು?” ಎಂದರು ದಾಕ್ಷಾಯಿಣಿ.

“ಚುಮ್ಮಾ, ಸುಮ್ಮನೆ ಇರಲಿ ಅತ್ತೆ. ಎಂಟು ದಿನ ತಾನೇ ಅಂತೀರ ನೀವು. ಅವನಿಗೆ ಯಾವಾಗ ಏನು ಬೇಕಾಗತ್ತೋ.”

ಹಾಲು ಬಿಡಿಸಲು ಮಗುವನ್ನು ಅಜ್ಜಿಯ ಊರಿಗೆ ಕಳಿಸುವುದು ದಾಕ್ಷಾಯಿಣಿಯವರ ಕಡೆ ಹಿಂದಿನಿಂದ ಬಂದ ಪದ್ಧತಿ. ತಾಯಿ ಕಣ್ಣೆದುರಿಗಿದ್ದರೆ ಯಾವ ಮಗು ತಾನೇ ಬಿಟ್ಟೀತು? ಧನುಷ್ ರಾಗಿ ಸರಿಯನ್ನು ಉಗುಳುತ್ತಿದ್ದ, ಇಡೀ ರಾತ್ರಿ ಎದೆ ಬಿಡುತ್ತಿರಲಿಲ್ಲ. ಕೋಮಲಾ ಅಂಬತ್ತೂರಿನ ಆಫೀಸಿನಲ್ಲಿ ಮೀಟಿಂಗಿನ ನಡುವೆಯೇ ತೂಕಡಿಸಿ, ಎಲ್ಲರೆದುರು ನಗೆಪಾಟಲಾಗಿದ್ದಳು. ಸರಿ ಎಂದು ಒಪ್ಪಿದವಳೂ ಅವಳೇ. ಗಂಡ ರವಿಶಂಕರ್ ಮಧ್ಯಾಹ್ನದ ರೈಲಿನಲ್ಲಿ ಅಜ್ಜಿಯನ್ನೂ ಮೊಮ್ಮಗನನ್ನೂ ಕರೆದೊಯ್ದು ಬಿಟ್ಟು ಬರುವುದೆಂದಾಗಿತ್ತು. ಒಪ್ಪಿದ ಗಳಿಗೆಯಿಂದ ಅವಳಿಗೆ ಒಂದೇ ಭಯ. ತಿರುಗಿ ಬಂದಾಗ ಮಗು ನನ್ನನ್ನು ಗುರುತಿಸುತ್ತದೋ ಇಲ್ಲವೋ! ಅದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಬದಲು ಸೂಟ್‌ಕೇಸ್ ತುಂಬಿದ್ದಳು.

ಕೊನೆಗೆ ಒಂದೇ ಬ್ಯಾಗು ಉಳಿಯಿತು. ನಾಲ್ಕು ಬಟ್ಟೆ, ರಾಗಿ ಹಿಟ್ಟು, ಜ್ವರದ ಔಷಧ, ಬಜೆ, ವಿಭೂತಿ. ಖಾಲಿಯಾದ ಸೂಟ್‌ಕೇಸಿನ ಮೂಲೆಯಲ್ಲಿ ಇನ್ನೂ ಒಂದು ಪ್ಲಾಸ್ಟಿಕ್ ಕವರ್ ಸಿಕ್ಕಿಕೊಂಡಿತ್ತು. ದಾಕ್ಷಾಯಿಣಿ ಬಿಚ್ಚಿ ನೋಡಿದರೆ ಒಳಗೆ ಕೋಮಲಾಳ ಹಳೆಯ ನೈಟಿ.

“ಒಗದಿಲ್ಲಲ್ಲ ಇದು?”

“ಒಗೀಬಾರದು ಅಂತಾನೇ ಹಾಗೆ ಇಟ್ಟಿದ್ದು ಅತ್ತೆ. ರಾತ್ರಿ ಎದ್ದರೆ ಮುಖದ ಹತ್ತಿರ ಇಡಿ. ನನ್ನ ವಾಸನೆ ಬಂದರೆ ಮಲಗಿಬಿಡ್ತಾನೆ.”

“ಅದಕ್ಕ ಬ್ಯಾಡ ಅನ್ನೂದು. ವಾಸನಿ ಬಂತಂದ್ರ ಕೂಸು ನಿನ್ನ ಹುಡುಕ್ತೈತಿ. ಮೂರು ದಿನದಾಗ ಮುಗಿಯೂ ಅಳು ಎಂಟು ದಿನ ಆಕ್ಕೈತಿ.”

ಅಷ್ಟಕ್ಕೇ ಬಿಡಲಿಲ್ಲ. ನೈಟಿಯನ್ನು ಬಚ್ಚಲಿಗೆ ಒಯ್ದು ಸೋಪುಪುಡಿಯ ಬಕೆಟ್ಟಿನಲ್ಲಿ ಅದ್ದಿಯೇ ಬಂದರು. ಕೋಮಲಾಳಿಗೆ ಮೈಯೆಲ್ಲ ಉರಿದುಹೋಯಿತು. ಜಗಳ ಆಡಲೆಂದು ಬಾಯಿ ತೆರೆದವಳು ಅತ್ತೇಬಿಟ್ಟಳು.

“ಅವನು ನನ್ನನ್ನ ಮರೆತುಬಿಟ್ಟರೆ ಅತ್ತೆ?”

“ಹುಚ್ಚಿ! ಹಡದಾಕಿನ್ನ ಯಾರರ ಮರೀತಾರೇನು?” ದಾಕ್ಷಾಯಿಣಿ ಬ್ಯಾಗಿನ ಜಿಪ್ಪಿಗೆ ಕೈ ಹಾಕಿದರು. “ರವೀನ್ನೂ ಹಿಂಗ ನಮ್ಮವ್ವನ ಮನ್ಯಾಗ ಬಿಟ್ಟಿದ್ದೆ. ಏನಾಗೇತಿ ಅವಗ? ಗುಂಡಕಲ್ಲಿನಂಗ ಅದಾನ.”

ಅಷ್ಟರಲ್ಲಿ ಬಾಗಿಲಲ್ಲಿ ರವಿಶಂಕರನ ತಲೆ ಕಾಣಿಸಿತು. “ಅಕ್ಕಾ, ಕಾರು ಬಂತು. ಲಗೂ ಬಾ,” ಎಂದು ತಾಯಿಗೆ ಹೇಳಿದ. ಹೆಂಡತಿಯ ಕಣ್ಣನ್ನೂ ಹಾಸಿಗೆಯ ಮೇಲಿನ ರಾದ್ಧಾಂತವನ್ನೂ ನೋಡಿ, ಈ ಉಸಾಬರಿ ತನಗೇಕೆ ಎಂಬಂತೆ ಕೆಳಗಿಳಿದು ಹೋದ.

ತಾಯಿಯನ್ನು ಅಕ್ಕ ಎನ್ನುವ ಗಂಡನನ್ನು ಕಂಡು ಕೋಮಲಾ ಮದುವೆಯಾದ ಹೊಸತರಲ್ಲಿ ನಕ್ಕಿದ್ದಳು. ಆ ಕಡೆಯವರು ಹಾಗೇ ಕರೆಯುತ್ತಾರೇನೋ ಎಂದುಕೊಂಡು ಆಮೇಲೆ ಸುಮ್ಮನಾಗಿದ್ದಳು. ಇವತ್ತು ಯಾಕೋ ಕೇಳಿಯೇಬಿಟ್ಟಳು.

“ಇವರು ನಿಮ್ಮನ್ನ ಅಮ್ಮ ಅನ್ನಲ್ಲ, ಯಾಕೆ ಅತ್ತೆ?”

ಜಿಪ್ಪು ಅರ್ಧಕ್ಕೆ ನಿಂತಿತು. ದಾಕ್ಷಾಯಿಣಿ ಮಗುವಿನ ಬಾಯಿಂದ ಕಾಲುಚೀಲವೊಂದನ್ನು ಬಿಡಿಸಿ ಬೇಡದ ಗುಡ್ಡೆಗೆ ಎಸೆದರು.

“ಹದಿನೈದು ದಿನ ಅಂತ ಬಿಟ್ಟಿದ್ದು ಮೂರು ತಿಂಗಳಾತು. ಅವಗ ಆಗ ಮಾತು ಬರೂ ವಯಸ್ಸು. ಕರಕೊಂಡು ಬರಾಕ ಹೋದ್ರ ನಮ್ಮವ್ವನ ಸೆರಗಿನಾಗ ಮುಖ ಮುಚ್ಚಿಕೊಂಡ. ಆಕಿಗೆ ಅವ್ವ ಅಂತಿದ್ದ. ನನ್ನ ತಮ್ಮಂದಿರು ನನಗ ಅಕ್ಕ ಅಂತಿದ್ರಲ್ಲ, ಅದನ್ನ ಕೇಳಿ ತಾನೂ ಅಕ್ಕ ಅಂದ.”

“ನೀವು ತಿದ್ದಲಿಲ್ಲವಾ?”

“ಹೆಂಗ ತಿದ್ದಲಿ? ನನ್ನ ಹತ್ರ ಬಂದರ ಸಾಕಾಗಿತ್ತು. ಅಕ್ಕ ಅಂದ, ನಾನು ಓ ಅಂದೆ.”

ಕೆಳಗಿನಿಂದ ಹಾರ್ನ್ ಕೇಳಿಸಿತು. ದಾಕ್ಷಾಯಿಣಿ ಬಚ್ಚಲಿನ ಕಡೆ ಒಮ್ಮೆ ನೋಡಿದರು. ನೈಟಿ ಆಗಲೇ ನೊರೆಯಲ್ಲಿ ಮುಳುಗಿತ್ತು. ಆಮೇಲೆ ನೇರ ಸೊಸೆಯ ಬಳಿಗೆ ಬಂದು, ಬೆಳಗಿನಿಂದ ಸೆಕೆಗೆ ತೊಯ್ದು ಅವಳ ಹೆಗಲಿಗೆ ಅಂಟಿಕೊಂಡಿದ್ದ ದುಪಟ್ಟಾವನ್ನು ಹೇಳದೆ ಕೇಳದೆ ಎಳೆದುಕೊಂಡರು. ಮಡಿಸಲಿಲ್ಲ. ಹಾಗೇ ಮುದ್ದೆ ಮಾಡಿ ಮಗುವಿನ ಬಟ್ಟೆಗಳ ಮೇಲೆ ತುರುಕಿ ಜಿಪ್ಪನ್ನು ಪೂರ್ತಿ ಎಳೆದರು.

“ಎಂಟು ದಿನಾನೂ ಅಳಲಿ,” ಎಂದರು. “ಹಾಲಷ್ಟ ಬಿಡ್ಲಿ.”